ಕೈ ಎಣಿಸುವ ಹಾಸು

ಹುಲಿಗೆವ್ವ ದೊಡಮನಿಗೆ ದಿನಕ್ಕೆ ಆರು ತಾಸು ಸಿಗುತ್ತಿದ್ದ ಆರೈಕೆಯನ್ನು ದೀರ್ಘಾರೈಕೆ ನಿಧಿ ಎರಡು ತಾಸಿಗೆ ಇಳಿಸಿತು. ಮಗಳು ಸಂಜೆ ಹೊತ್ತು ಆಕೆಯ ಕೈ ಹಿಡಿದು ಕೂರುತ್ತಿದ್ದಳು, ಓಣಿಯ ಹೆಂಗಸರು ಬಂದು ಆಕೆಯ ಮಗ್ಗಲು ಬದಲಿಸುತ್ತಿದ್ದರು ಎಂಬುದು ನಿಧಿ ಕೊಟ್ಟ ಕಾರಣ.

ಹುಲಿಗೆವ್ವ ಬೆಟಗೇರಿಯ ಬೀದಿಗಳನ್ನು ಗುಡಿಸಿ ನಿವೃತ್ತಳಾದವಳು. ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು. ಮಾತು ಪೂರ್ತಿ ನಿಂತಿರಲಿಲ್ಲ. ಒಂದೊಂದೇ ಶಬ್ದ, ಉಸಿರು ಹುಡುಕಿಕೊಂಡು ಹೊರಗೆ ಬರುತ್ತಿತ್ತು. ಮನೆಯಲ್ಲಿ ಇನ್ನಿದ್ದವಳು ಮಗಳು ಮೈನವ್ವ ಒಬ್ಬಳೇ. ಅವಳಿಗೆ ವಿದ್ಯುತ್ ಬಸ್ಸುಗಳ ಡಿಪೋದಲ್ಲಿ ಬ್ಯಾಟರಿ ಬದಲಿಸುವ ಕೆಲಸ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ನಡುವಿನ ಹೊತ್ತಿಗೆಂದು ನಿಧಿಯವರು ಜುಬೇದಾ ಎಂಬ ಆರೈಕೆಯ ಹೆಂಗಸನ್ನು ನೇಮಿಸಿದ್ದರು. ಕಡಿತದ ಸಂದೇಶ ಮೈನವ್ವನ ಫೋನಿಗೆ ಬಂದ ಹೊತ್ತಿಗೇ ಜುಬೇದಾಳ ಫೋನಿಗೂ ಬಂತು.

"ಎರಡ ತಾಸಂದ್ರ ಏನವಾ ಮೈನಾ? ಮಕಾ ತೊಳದು, ಮೈ ಒರಸಿ, ನಾಕ ತುತ್ತು ಗಂಜಿ ಕುಡಸೂದ್ರಾಗ ಮುಗದ ಹೊಕ್ಕೈತಿ," ಎಂದಳು ಜುಬೇದಾ. "ಆಮ್ಯಾಲೆ ನಿಮ್ಮವ್ವನ್ನ ಯಾರು ನೋಡತಾರ? ಗೋಡಿ ನೋಡತಾವೇನು?"

"ನಾ ಏನ ಮಾಡೀನಿ ಅಂತ ಕಡದಾರ?"

"ಕೈ ಹಿಡದಿಯಂತಲ್ಲ."

"ಯಾರ ಕೈ?"

"ನಿಮ್ಮವ್ವಂದ, ಹುಚ್ಚಿ!"

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ದ್ಯಾಮವ್ವ ಗೊಳ್ಳೆಂದು ನಕ್ಕಳು. "ಯವ್ವಾ, ಹಂಗಾರ ನಾ ದಿನಾ ಬಂದು ಯಕ್ಕನ ತೆಲಿ ಬಾಚತೀನಿ, ನನಗ ಜೇಲಿಗೇ ಹಾಕತಾರ ಬಿಡು!" ಎಂದಳು. ನಗು ಬಹಳ ಹೊತ್ತು ಉಳಿಯಲಿಲ್ಲ. ಮೈನವ್ವ ಮಂಚದ ಮೇಲಿನ ಹಾಸನ್ನು ನೋಡುತ್ತಿದ್ದಳು.

ಆ ಹಾಸನ್ನು ನಿಧಿಯೇ ಕೊಟ್ಟದ್ದು. ಕೂದಲಿಗಿಂತ ಸಣ್ಣ ಎಳೆಗಳಿಂದ ನೆಯ್ದ, ಮೈಯಡಿಗೆ ಹಾಸುವ ಬೂದು ಬಣ್ಣದ ಒಂದು ಬಟ್ಟೆ. ಮೈಯ ಭಾರ ಎಲ್ಲಿ ಒತ್ತುತ್ತಿದೆ, ಎಲ್ಲಿ ಪಸೆ ನಿಂತಿದೆ, ಎಲ್ಲಿ ರಕ್ತ ಓಡುತ್ತಿಲ್ಲ ಎಂಬುದೆಲ್ಲ ಅದಕ್ಕೆ ತಿಳಿಯುತ್ತಿತ್ತು. ಹುಣ್ಣಾಗುವ ಮುಂಚೆಯೇ ಅದು ಸಣ್ಣಗೆ ಗುಂಯ್‌ಗುಟ್ಟಿ ಮಗ್ಗಲು ಬದಲಿಸಿ ಎನ್ನುತ್ತಿತ್ತು. ಅದಕ್ಕೆ ಇನ್ನೊಂದೂ ತಿಳಿಯುತ್ತಿತ್ತು: ಮಲಗಿದವರನ್ನು ಮುಟ್ಟಿದ ಕೈ ಯಾರದು ಎಂಬುದು. ಪ್ರತಿ ಅಂಗೈಯ ಬಿಸುಪು ಬೇರೆ, ಅದರೊಳಗಿನ ನಾಡಿಯ ನಡಿಗೆ ಬೇರೆ. ಒಮ್ಮೆ ಮುಟ್ಟಿದ ಕೈಯನ್ನು ಹಾಸು ಮರೆಯುತ್ತಿರಲಿಲ್ಲ.

ಓಣಿಯಲ್ಲಿ ಅಂಥ ಕೈಗಳು ಬಹಳ ಇದ್ದವು. ಅಲ್ಲಿ ಕೈಪಾಳಿ ಎಂಬ ಪದ್ಧತಿ ನಿಧಿಗಿಂತ ಹಳೆಯದು. ಯಾರಾದರೂ ಹಾಸಿಗೆ ಹಿಡಿದರೆ, ಬೆಳಗಿನ ಕಸದ ಕೆಲಸ ಮುಗಿಸಿ ಬಂದ ಹೆಂಗಸರು ಮೈ ತೊಳೆದುಕೊಂಡು ಮನೆಗೊಬ್ಬರಂತೆ ಸರದಿಯಲ್ಲಿ ಆ ಮನೆಗೆ ಹೋಗುವರು. ಸಹಾಯಕ್ಕೆ ಹೊರಟೆ ಎಂದು ಯಾರೂ ಹೇಳುತ್ತಿರಲಿಲ್ಲ. ಎಲೆ ಹಾಕಿಕೊಳ್ಳಲು ಹೊರಟೆ ಎನ್ನುವರು. ಹೋಗಿ ಮಗ್ಗಲು ತಿರುವಿ, ಬೆನ್ನಿಗೆ ಎಣ್ಣೆ ಸವರಿ, ಹೇನು ನೋಡಿ, ಊರ ಸುದ್ದಿಯನ್ನೆಲ್ಲ ಒಪ್ಪಿಸಿ, ಎಲೆ ಅಡಿಕೆ ಕುಟ್ಟಿ ಬಾಯಿಗಿಟ್ಟು ಬರುವರು. ದವಾಖಾನೆಯ ಆಳುಗಳು ಕೂಡ ಈ ಓಣಿಯವರ ಮೈ ಮುಟ್ಟಲು ಹಿಂದೆಗೆಯುತ್ತಿದ್ದ ಕಾಲವೊಂದಿತ್ತು. ಆಗ ತಮ್ಮವರನ್ನು ತಾವೇ ಮುಟ್ಟಬೇಕಾಗಿ ಬಂದು ಹುಟ್ಟಿದ್ದು ಈ ಪಾಳಿ.

ಈ ಪಾಳಿಯನ್ನು ಹಾಸು ಎಣಿಸಿತು. ನಿಧಿ ಅದನ್ನು ತಾನು ಕೊಡುವ ತಾಸಿನಿಂದ ಕಳೆಯಿತು.

*

ನಿಧಿಯ ನಿಯಂತ್ರಣ ಕೊಠಡಿ ಧಾರವಾಡದಲ್ಲಿತ್ತು. ಗೋಡೆಯಗಲದ ಪರದೆಯ ಮೇಲೆ ನಾಡಿನ ನಕಾಶೆ. ಹಾಸು ಹಾಸಿದ ಪ್ರತಿ ಮಂಚಕ್ಕೂ ಒಂದು ಚುಕ್ಕೆ. ಹಾಸನ್ನು ಕಂಡುಹಿಡಿದ ನೀಲಾಂಬಿಕಾ ಪಟ್ಟಣಶೆಟ್ಟಿ ಅದರ ಎದುರು ಕೂರುವುದನ್ನು ಇತ್ತೀಚೆಗೆ ತಪ್ಪಿಸುತ್ತಿದ್ದರು.

ಪ್ರಯೋಗಾಲಯದ ದಿನಗಳಲ್ಲಿ ಅವರಿಗೆ ಒಂದು ಸೋಜಿಗ ಕಂಡಿತ್ತು. ಪರಿಚಿತರ ಕೈ ಬಂದು ಮೈಮೇಲೆ ಕೂತಾಗ ಮಲಗಿದವರ ನಾಡಿ ಶಾಂತವಾಗುತ್ತಿತ್ತು, ಚರ್ಮದಡಿಯ ರಕ್ತ ಚುರುಕಾಗುತ್ತಿತ್ತು, ಹುಣ್ಣು ಬೇಗ ಮಾಯುತ್ತಿತ್ತು. ಅದೊಂದು ಔಷಧಿ ಎಂದು ಅವರು ಲೆಕ್ಕ ಸಮೇತ ತೋರಿಸಿಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಔಷಧಿಯೆಂದು ತೋರಿಸಿಕೊಟ್ಟದ್ದರಿಂದಲೇ ಅದನ್ನು ಅಳೆಯಲು ಬಂತು. ಅಳೆಯಲು ಬಂದದ್ದರಿಂದಲೇ ಕಳೆಯಲು ಬಂತು.

ನಿಧಿ ಹುಟ್ಟುವ ಮುಂಚೆ ಶಾಸನಸಭೆಯ ಎದುರು ಮೂರು ದಾರಿಗಳಿದ್ದವು. ತೆರಿಗೆಯ ಹಣದಿಂದ ಹಾಸಿಗೆ ಹಿಡಿದ ಪ್ರತಿಯೊಬ್ಬರನ್ನೂ ನಾಡೇ ನೋಡಿಕೊಳ್ಳುವುದು ಮೊದಲನೆಯದು. ಅವರವರ ವಿಮೆ ಅವರವರು ಕೊಂಡುಕೊಳ್ಳಲಿ ಎನ್ನುವುದು ಎರಡನೆಯದು. ದುಡಿಯುವವರೆಲ್ಲ ಸಂಬಳದಿಂದ ಒಂದು ಪಾಲು ಕಟ್ಟಿ, ಕುಟುಂಬದವರಿಂದ ಆಗದೆ ಉಳಿದ ಕೊರತೆಯನ್ನಷ್ಟೇ ಆ ಹಣದಿಂದ ತುಂಬುವುದು ಮೂರನೆಯದು. ಕಾರ್ಮಿಕ ಸಂಘಗಳು ಮೊದಲನೆಯದನ್ನು ಕೇಳಿ ಬೀದಿಗಿಳಿದವು. ಹುಲಿಗೆವ್ವನೂ ಆ ಮೆರವಣಿಗೆಯಲ್ಲಿ ಹಲಗಿಯ ಬಡಿತಕ್ಕೆ ಕುಣಿದಿದ್ದಳು. ಸಿಕ್ಕಿದ್ದು ಮೂರನೆಯದು. ಸಿಕ್ಕಿದ್ದಕ್ಕೇ ಓಣಿಯಲ್ಲಿ ಸಕ್ಕರೆ ಹಂಚಿದರು. ಉಳ್ಳವರು ತಮ್ಮ ಪಾಡಿಗೆ ಖಾಸಗಿ ವಿಮೆ ಕೊಂಡು ನಿಧಿಯಿಂದ ಹೊರಗುಳಿಯಬಹುದು ಎಂದು ಕಾನೂನಿನ ಕೊನೆಯಲ್ಲಿ ಒಂದು ಸಾಲಿತ್ತು. ಸಕ್ಕರೆ ಹಂಚುವ ಗದ್ದಲದಲ್ಲಿ ಅದನ್ನು ಯಾರೂ ಓದಲಿಲ್ಲ. ಹಾಗಾಗಿ ನಿಧಿಯಲ್ಲಿ ಉಳಿದವರು ಬಡವರು ಮಾತ್ರ, ಬಡವರ ಹಾಸಿಗೆಗಳನ್ನು ಬಡವರ ಪಾಲಿನಿಂದಲೇ ನಡೆಸಬೇಕಾಯಿತು.

*

ಕಡಿತದ ನಂತರ ಓಣಿಯ ಹೆಂಗಸರು ಹುಲಿಗೆವ್ವನ ಪಡಸಾಲೆಯಲ್ಲಿ ಸೇರಿದರು. ಪಾಳಿ ಬಿಡುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಉಪಾಯ ದ್ಯಾಮವ್ವನಿಗೆ ಹೊಳೆಯಿತು.

"ಅದು ಕೈ ಗುರುತು ಹಿಡೀತೈತಿ ಹೌದಿಲ್ಲೋ? ಮುನಸಿಪಾಲ್ಟಿಯವ್ರು ಈಗರೆ ರಬ್ಬರ್ ಗಲೋಜ್ ಕೊಡಾಕತ್ತಾರ. ಹಾಕ್ಕೊಂಡ ಮುಟ್ಟಿದ್ರ ಏನ ತಿಳಿತೈತಿ ಅದಕ್ಕ, ಬೊಗಳೆ!"

ಮರುದಿನದಿಂದ ಪಾಳಿಯ ಹೆಂಗಸರು ಮೊಣಕೈವರೆಗೆ ಕೇಸರಿ ಬಣ್ಣದ ರಬ್ಬರ್ ಗವಸು ತೊಟ್ಟು ಬರತೊಡಗಿದರು. ಹುಲಿಗೆವ್ವ ಮೊದಲ ಸಲ ಅದನ್ನು ಕಂಡಾಗ ಎಡಗೈಯಿಂದ ಗವಸಿನ ಬೆರಳು ಹಿಡಿದು ಎಳೆದು ನೋಡಿದಳು. ಗಟಾರದೊಳಗೆ ಬರಿಗೈ ಇಳಿಸಿ ಜೀವಮಾನ ಕಳೆದವಳು ಅವಳು. ಕೇಳಿ ಕೇಳಿ ಬೇಸತ್ತರೂ ಅವಳ ಕಾಲಕ್ಕೆ ಗವಸು ಬಂದಿರಲಿಲ್ಲ.

"ಈಗ... ಕೊಟ್ಟರೇನು?" ಎಂದಳು.

"ಹೂಂ ಯಕ್ಕಾ, ಈಗ ಕೊಟ್ಟಾರ."

"ನಾ... ಹೊಲಸಾಗೇನೇನು?"

ದ್ಯಾಮವ್ವನಿಗೆ ನಗಲು ಬರಲಿಲ್ಲ. ಗವಸಿನ ಕೈಯಿಂದಲೇ ಆಕೆಯ ಕೆನ್ನೆ ಸವರಿ, "ಸರಕಾರ ಹೊಲಸಾಗೇತಿ ಯಕ್ಕಾ, ನೀ ಅಲ್ಲ," ಎಂದು ಎದ್ದು ಹೋದಳು.

ಹಾಸು ಸುಮ್ಮನಾಗಲಿಲ್ಲ. ಗುರುತು ಸಿಗದ ಕೈಗಳಿಗೂ ಅದರಲ್ಲೊಂದು ಹೆಸರಿತ್ತು: ಅಪರಿಚಿತ, ಪಳಗಿದ ಕೈ. ರಬ್ಬರ್ ಗವಸು ತೊಟ್ಟು ಚೊಕ್ಕವಾಗಿ ಮಗ್ಗಲು ತಿರುವುವ ಕೈಯೆಂದರೆ ಸಂಬಳದ ನರ್ಸಿನದೇ ಇರಬೇಕು ಎಂದು ಅದಕ್ಕೆ ಕಲಿಸಲಾಗಿತ್ತು. ದೊಡಮನಿ ಕುಟುಂಬ ಖಾಸಗಿ ನರ್ಸುಗಳನ್ನು ಇಟ್ಟುಕೊಂಡಿದೆ, ಅದಕ್ಕೆ ಶಕ್ತಿಯಿದೆ, ಉಳಿದ ಎರಡು ತಾಸನ್ನೂ ಯಾಕೆ ರದ್ದು ಮಾಡಬಾರದು ಎಂದು ನೋಟೀಸು ಹೊರಟಿತು.

ಆ ನೋಟೀಸಿನ ಪ್ರತಿ ನೀಲಾಂಬಿಕಾರ ಮೇಜಿಗೂ ಬಂತು. ಪೌರಕಾರ್ಮಿಕರ ಓಣಿಯೊಂದರಲ್ಲಿ ಒಬ್ಬ ಮುದುಕಿಗೆ ಹತ್ತಾರು ನರ್ಸುಗಳು! ಅವರು ಅದನ್ನು ಹಿಡಿದು ನಿರ್ದೇಶಕ ಬಾಳಿಕಾಯಿಯವರ ಕೋಣೆಗೆ ಹೋದರು.

"ಸರ್, ಇದು ನರ್ಸಲ್ಲ. ಆಜೂಬಾಜೂ ಮನೀ ಹೆಣ್ಣಮಕ್ಕಳು. ಹೆದರಿಕೊಂಡು ಕೈಗವಸ ಹಾಕ್ಕೊಂಡಾರ."

"ಹಂಗಾರ ಅದನ್ನ ನರ್ಸ್ ಅಂತ ತಗದು ನೆರೆಹೊರೆ ಅಂತ ಬರದ ಬಿಡ್ರಿ. ನೆರೆಹೊರೆ ಅಂದ್ರ ಸಹಜ ಆರೈಕೆ. ಎರಡ ತಾಸು ಉಳಿತಾವ, ಆರು ಬರಂಗಿಲ್ಲ."

"ನಾವು ಈ ಕಳಿಯೂದನ್ನ ನಿಲ್ಲಸಬೇಕು ಸರ್. ಮೈಗೆ ಏನ ಬೇಕೋ ಅದನ್ನ ನೋಡಿ ಕೊಡೋಣ. ಮನ್ಯಾಗ ಯಾರದಾರ, ಯಾರಿಲ್ಲ ಅನ್ನೂದು ನಮಗ್ಯಾಕ?"

ಬಾಳಿಕಾಯಿ ಕೆಟ್ಟ ಮನುಷ್ಯನಲ್ಲ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಕೊಡೋಣ ಮೇಡಂ. ಎಲ್ಲಿಂದ ಕೊಡೋಣ? ಉಳ್ಳವರು ನಿಧಿ ಬಿಟ್ಟು ಹೋಗ್ಯಾರ. ಸರಕಾರ ತೆರಿಗಿಯಿಂದ ಒಂದ ಪೈಸಾ ಹಾಕಂಗಿಲ್ಲ ಅಂದೈತಿ. ಮಗಳು ಅವ್ವನ ಕೈ ಹಿಡಿದದ್ದಕ್ಕೂ ನಾವು ಸಂಬಳ ಕೊಟ್ಟಂಗ ಮಾಡಿದ್ರ, ಯಾರೂ ಇಲ್ಲದವರಿಗೆ ಏನ ಉಳಿತೈತಿ? ಅವರನ್ನ ಎಲ್ಲಿ ಒಗೀಲಿ ನಾ?"

"ಇಬ್ಬರನ್ನೂ ಒಗೀಬಾರದು ಸರ್. ನಿಧಿ ತುಂಬಾಕ ದೊಡ್ಡ ದೊಡ್ಡ ಕಂಪನಿಗಳ ಕಡೆ ಕೈ ಚಾಚಬೇಕು."

"ನೀವು ಹಾಸು ಮಾಡ್ರಿ," ಎಂದರು ಬಾಳಿಕಾಯಿ, ಮೆಲ್ಲಗೆ. "ಕಾನೂನು ಮಾಡವರು ಬ್ಯಾರೆ ಅದಾರ."

*

ನೀಲಾಂಬಿಕಾ ಬೆಟಗೇರಿಗೆ ಹೋದದ್ದು ಅಪ್ಪಣೆ ಕೇಳಿಯಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಓಣಿಯ ತುದಿಗೆ ಕಾರು ನಿಲ್ಲಿಸಿ ನಡೆದು ಬಂದರು. ಮೈನವ್ವ ಡಿಪೋಗೆ ರಜೆ ಹಾಕಿ ಮನೆಯಲ್ಲೇ ಇದ್ದಳು. ರಜೆ ಮುಗಿಯುತ್ತಾ ಬಂದಿತ್ತು, ಇನ್ನು ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಸ್ತ್ರಿ ಹೇಳಿಕಳಿಸಿದ್ದ. ಹಾಸು ಮಾಡಿದವರು ಇವರೇ ಎಂದು ಗೊತ್ತಾದಾಗ ಅವಳು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಆಮೇಲೆ ಕೇಳಿದಳು.

"ಮೇಡಮ್ಮಾರ, ನಿಮಗ ತಾಯಿ ಅದಾರೇನ್ರಿ?"

"ಇದ್ರು."

"ಅವರ ಮಂಚದ ಮ್ಯಾಲ ಇದನ್ನ ಹಾಸಿದ್ರೇನು?"

ನೀಲಾಂಬಿಕಾ ನೀರು ಕುಡಿದು ಲೋಟ ಕೆಳಗಿಟ್ಟರು. ತಾನು ಬಂದ ಕೆಲಸ ಹೇಳಿದರು. ನರ್ಸಿನ ಆಪಾದನೆಯನ್ನು ಅಳಿಸಿಬಿಡಬಹುದು, ಅದು ತನ್ನ ಕೈಯಲ್ಲಿದೆ. ಹಳೆಯ ಆರು ತಾಸು ಬೇಕಾದರೆ ಮಾತ್ರ ಒಂದೇ ದಾರಿ. ಮಳೆಗಾಲ ಮುಗಿದ ಮೇಲೆ ಮರುಪರಿಶೀಲನೆ ಇದೆ. ಅಲ್ಲಿಯವರೆಗೆ ಹಾಸಿನಲ್ಲಿ ಮನೆಯವರ ಕೈ ಒಂದೂ ಬೀಳಬಾರದು, ನೆರೆಯವರದೂ ಬೀಳಬಾರದು. ಆಗ ಆರಲ್ಲ, ಎಂಟು ತಾಸು ಸಿಗುತ್ತದೆ.

"ಮುಟ್ಟಬಾರದಂತೀರಿ."

"ನಾ ಹೇಳಬಾರದು ಇದನ್ನ. ಬ್ಯಾರೆ ಏನೂ ಹೇಳಾಕ ನನ್ನ ಹತ್ರ ಇಲ್ಲ. ತಪ್ಪು ತಿಳೀಬ್ಯಾಡ್ರಿ."

"ತಿಳಿಯೂದೇನೈತಿ," ಎಂದು ಮೈನವ್ವ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಧಾರವಾಡಕ್ಕೆ ಮರಳಿದ ನೀಲಾಂಬಿಕಾ ಕಳೆಯುವ ನಿಯಮ ಬಿಡಬೇಕು, ನಿಧಿಗೆ ತೆರಿಗೆಯ ಹಣ ಸೇರಿಸಬೇಕು ಎಂದು ಸದನದ ಸಮಿತಿಗೆ ಬರೆದರು. ಸಮಿತಿ ಅದನ್ನು ಸ್ವೀಕರಿಸಿತು. ಸ್ವೀಕರಿಸಿದ ಮೇಲೆ ಏನೂ ಆಗಲಿಲ್ಲ. ಅವರನ್ನು ಮಾತ್ರ ಹೊಸ ಹಾಸುಗಳ ಬಣ್ಣ ಆರಿಸುವ ವಿಭಾಗಕ್ಕೆ ಬದಲಿಸಿದರು.

*

ಕೈಪಾಳಿ ನಿಂತಿತು. ಹೆಂಗಸರು ಬರುವುದನ್ನು ಬಿಡಲಿಲ್ಲ. ಹೊಸ್ತಿಲಾಚೆ ಕೂತು ಸುದ್ದಿ ಹೇಳುವರು. ಎಲೆ ಅಡಿಕೆ ಕುಟ್ಟಿ ಜುಬೇದಾಳ ಕೈಗೆ ಕೊಡುವರು. ಜುಬೇದಾ ಇಲ್ಲದ ಹೊತ್ತಿನಲ್ಲಿ ಅದು ಹೊಸ್ತಿಲ ಮೇಲೆಯೇ ಒಣಗುತ್ತಿತ್ತು. ಮೇಸ್ತ್ರಿಯ ಕಾಲು ಹಿಡಿದು ಮೈನವ್ವ ಅರ್ಧ ಸಂಬಳಕ್ಕೆ ಅರ್ಧ ದಿನದ ಕೆಲಸ ಒಪ್ಪಿಸಿಕೊಂಡಿದ್ದಳು. ಅದೂ ಪರಿಶೀಲನೆಯವರೆಗೆ ಮಾತ್ರ, ಆಮೇಲೆ ಪೂರ್ತಿ ಬರಬೇಕು, ಇಲ್ಲವಾದರೆ ಪೂರ್ತಿ ಬಿಡಬೇಕು.

ಮುಟ್ಟದೆ ನೋಡಿಕೊಳ್ಳುವುದನ್ನು ಅವಳು ಕಲಿತಳು. ತಾಯಿಯ ಬೆನ್ನಡಿಗೆ ಹಳೆಯ ಸೀರೆಯೊಂದನ್ನು ತೂರಿಸಿ, ಹಾಸು ಗುಂಯ್‌ಗುಟ್ಟಿದಾಗ ಸೀರೆಯ ಸೆರಗನ್ನು ಎಳೆದು ಮಗ್ಗಲು ತಿರುವುವಳು. ಗಂಜಿಗೆ ಉದ್ದ ಹಿಡಿಯ ಸೌಟು. ಬಾಯಿ ಒರೆಸಲು ಕೋಲಿಗೆ ಸುತ್ತಿದ ಬಟ್ಟೆ. ಹುಲಿಗೆವ್ವನ ಎಡಗೈ ಆಗಾಗ ಮಂಚದಂಚಿಗೆ ಬಂದು, ಯಾರನ್ನೋ ಹುಡುಕಿ, ಹಿಂದೆ ಹೋಗುತ್ತಿತ್ತು. ಮೈನವ್ವ ಒಲೆಯ ಕಡೆ ತಿರುಗಿಕೊಳ್ಳುವಳು.

ಹುಲಿಗೆವ್ವನ ಸೊಂಟದ ಬಳಿ ಒಂದು ಕೆಂಪು ಕಲೆ ಎದ್ದಿತು. ಎಲೆ ಅಡಿಕೆ ಬೇಡವೆನ್ನತೊಡಗಿದಳು. ಮಾತು ಕಡಿಮೆಯಾಯಿತು.

ಒಂದು ದಿನ ಮೈನವ್ವ ತಂಬಿಗೆಯಿಂದ ನೀರು ಕುಡಿಸುತ್ತಿದ್ದಳು. ಕೈ ಹಾಸಿಗೆ ತಾಗಬಾರದೆಂದು ನಿಂತೇ, ಮೇಲಿನಿಂದ ಸಣ್ಣ ಧಾರೆಯಾಗಿ ತಾಯಿಯ ಬಾಯಿಗೆ ಬಿಡುತ್ತಿದ್ದಳು. ಹುಲಿಗೆವ್ವ ಬಾಯಿ ಮುಚ್ಚಿದಳು. ನೀರು ಗಲ್ಲದಿಂದ ಕುತ್ತಿಗೆಗೆ ಇಳಿಯಿತು.

"ಕುಡಿ ಬೇ. ಯಾಕ?"

ಹುಲಿಗೆವ್ವ ತುಂಬ ಹೊತ್ತು ಶಬ್ದ ಹುಡುಕಿದಳು. "ಮ್ಯಾಲಿಂದ... ಹೊಯ್ಯಬ್ಯಾಡ."

"ಹಾಸಿಗಿ ತಾಗತೈತಿ ಬೇ."

"ಅವರೂ... ಹಂಗ ಹೊಯ್ಯತಿದ್ರು." ಉಸಿರು ತೆಗೆದುಕೊಂಡಳು. "ಹೊಟೇಲಿನವ್ರು. ಬಗ್ಗಿ... ಬೊಗಸಿ ಒಡ್ಡತಿದ್ವಿ. ಸಣ್ಣಾಕಿದ್ದೆ."

ಮೈನವ್ವನ ಕೈಯಲ್ಲಿ ತಂಬಿಗೆ ನಿಂತುಹೋಯಿತು. ಆ ಹೊಟೇಲಿನ ಕತೆಯನ್ನು ಅವಳು ಸಂಘದ ಸಭೆಗಳಲ್ಲಿ ಕೇಳಿದ್ದಳು, ಮುಗಿದುಹೋದ ಕಾಲದ ಕತೆ ಎಂದು ಕೇಳಿದ್ದಳು. ಅದರಲ್ಲಿ ನೀರು ಹೊಯ್ಯುವವನಿಗೆ ಮುಖವೇ ಇರಲಿಲ್ಲ. ಈಗ ಆ ಜಾಗದಲ್ಲಿ ತಂಬಿಗೆ ಹಿಡಿದು ತಾನು ನಿಂತಿದ್ದಳು, ಅದೂ ಹೆತ್ತವ್ವನಿಗೆ.

ಅವಳು ಒಂದು ಹತ್ತಿಯ ಉಂಡೆ ಮಾಡಿ, ನೀರಲ್ಲಿ ಅದ್ದಿ, ಸೌಟಿನಲ್ಲಿಟ್ಟು ತಾಯಿಯ ತುಟಿಗೆ ತಾಗಿಸಿದಳು. ಮುಟ್ಟಲಿಲ್ಲ. ಪರಿಶೀಲನೆಗೆ ಕೆಲವೇ ದಿನ ಉಳಿದಿದ್ದವು. ಮುಟ್ಟಬಹುದಾಗಿದ್ದ ಆ ದಿನಗಳನ್ನು ಮುಂದೆ ಯಾರೂ ಅವಳಿಗೆ ತಿರುಗಿ ತಂದುಕೊಡಲಿಲ್ಲ.

*

ಪರಿಶೀಲನೆಗೆ ಬಂದವನು ಹಂಪಣ್ಣ ಎಂಬ ನಿಧಿಯ ಅಧಿಕಾರಿ. ಹಸನ್ಮುಖಿ, ಮಾತುಗಾರ. ಕಂಕುಳಲ್ಲಿ ಟ್ಯಾಬ್ಲೆಟ್. ಹೊಸ್ತಿಲಾಚೆ ದ್ಯಾಮವ್ವ, ಅವಳ ಹಿಂದೆ ಅರ್ಧ ಓಣಿ. ಜುಬೇದಾ ತನ್ನ ಎರಡು ತಾಸು ಮುಗಿದಿದ್ದರೂ ಹೋಗದೆ ಗೋಡೆಗೆ ಒರಗಿ ನಿಂತಿದ್ದಳು.

"ಶಾಬ್ಬಾಸ್!" ಎಂದ ಹಂಪಣ್ಣ, ಪರದೆ ನೋಡುತ್ತ. "ಮನಿಯವರ ಕೈ ಶೂನ್ಯ. ನೆರಿಯವರ ಕೈ ಶೂನ್ಯ. ಇಷ್ಟ ಚೊಲೊ ಹಾಸು ನಾ ಈ ಜಿಲ್ಲಾದಾಗ ಕಂಡಿಲ್ಲ. ಎಂಟು ತಾಸು ಮಂಜೂರ್ ಆತವಾ. ನಾಳಿಂದ ನೀ ಆರಾಮ ಡ್ಯೂಟಿಗಿ ಹೋಗು."

ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ಮೈನವ್ವ ಗೋಡೆ ಹಿಡಿದು ಕೆಳಗೆ ಕೂತಳು.

"ಒಂದ ಕೆಲಸ ಉಳದೈತಿ. ನಿಮ್ಮವ್ವಂದು ಹೆಬ್ಬೆಟ್ಟು," ಎಂದು ಹಂಪಣ್ಣ ಟ್ಯಾಬ್ಲೆಟ್ ಒತ್ತಿದ. ಅದರೊಳಗಿನ ಹೆಣ್ಣುಧ್ವನಿ ಇಂಪಾಗಿ ಓದಿತು: "ನನ್ನನ್ನು ನೋಡಿಕೊಳ್ಳುವ ಸ್ವಂತದವರು ಯಾರೂ ಇಲ್ಲವೆಂದು ನಾನು ಒಪ್ಪಿ ಹೇಳುತ್ತೇನೆ."

ಹುಲಿಗೆವ್ವ ಕಣ್ಣು ತೆರೆದಳು. "ಇನ್ನೊಮ್ಮೆ," ಎಂದಳು.

ಧ್ವನಿ ಇನ್ನೊಮ್ಮೆ ಓದಿತು.

ಹಂಪಣ್ಣ ಬಗ್ಗಿ ಟ್ಯಾಬ್ಲೆಟ್ಟನ್ನು ಆಕೆಯ ಎಡಗೈ ಬಳಿ ಹಿಡಿದ. ಹುಲಿಗೆವ್ವ ಹೆಬ್ಬೆರಳನ್ನು ಒಳಗೆ ಮಡಚಿ, ಅದರ ಮೇಲೆ ಉಳಿದ ಬೆರಳುಗಳನ್ನು ಮುಚ್ಚಿಕೊಂಡಳು.

"ಒತ್ತವಾ ಅಜ್ಜಿ. ಬೆರಳಷ್ಟ."

"ಸುಳ್ಳದು."

"ಸುಳ್ಳಲ್ಲ, ಕಾನೂನಿನ ಭಾಷಿ ಅದು. ಎಲ್ಲಾರೂ ಒತ್ತತಾರ."

"ನನಗ... ಅದಾರ." ಆಕೆಯ ಕಣ್ಣು ಹೊಸ್ತಿಲ ಕಡೆ ಹೋಗಿ, ಜುಬೇದಾಳ ಮೇಲೆ ನಿಂತು, ಮಗಳ ಕಡೆ ಬಂತು. "ಅದಾರ."

ಮೈನವ್ವ ಎದ್ದು ಮಂಚದ ಹತ್ತಿರ ಬಂದಳು. "ಒತ್ತ ಬೇ. ನಿನ್ನ ಕಾಲಿಗಿ ಬೀಳತೀನಿ. ನಾಳೆ ಹೋಗಲಿಲ್ಲಂದ್ರ ನನ್ನ ಕೆಲಸ ಹೊಕ್ಕೈತಿ. ಇಬ್ಬರೂ ಏನ ತಿನ್ನೂದು? ಇಷ್ಟ ದಿನ ಮುಟ್ಟಲಾರದ ಯಾಕ ಸತ್ತೀನಿ ನಾ? ಇದಕ್ಕ ಅಲ್ಲೇನು?"

ಮುಷ್ಟಿ ಬಿಗಿಯೇ ಇತ್ತು.

ಜುಬೇದಾ ಮುಂದೆ ಬಂದು, "ಸರ, ಆ ಸಾಲು ತಗದು ಬ್ಯಾರೆ ಬರೀಲಿಕ್ಕೆ ಬರಂಗಿಲ್ಲೇನ್ರಿ? ಅದಾರ, ಆದ್ರ ದುಡೀಲಿಕ್ಕೆ ಹೋಗತಾರ ಅಂತ?" ಎಂದು ಕೇಳಿದಳು.

"ಬರಂಗಿಲ್ಲವಾ. ಅದ ಹಂಗ ಅಚ್ಚಾಗಿ ಬಂದೈತಿ." ಹಂಪಣ್ಣ ಗಡಿಯಾರ ನೋಡಿಕೊಂಡ. ಅವನಿಗೆ ಇನ್ನೂ ಬಹಳ ಮನೆಗಳಿದ್ದವು. ಹಾಸಿನ ಮೂಲೆಯ ಗುಂಡಿ ಒತ್ತಿದ. ಅದರ ಅಂಚಿನ ಹಸಿರು ಗೆರೆ ಆರಿತು. ಮೈನವ್ವನ ಕಡೆ ತಿರುಗಿ ದನಿ ತಗ್ಗಿಸಿದ. "ನೋಡವಾ, ಹಾಸು ಬಂದ್ ಮಾಡೀನಿ. ಈಗ ಮುಟ್ಟಿದ್ರ ಲೆಕ್ಕಕ್ಕ ಬರಂಗಿಲ್ಲ. ನೀನ ಅಕಿ ಮುಟಗಿ ಬಿಡಸು, ಹೆಬ್ಬೆಟ್ಟು ಹಿಡದು ಒತ್ತಸು. ವಯಸ್ಸಾದವರು, ಅವರಿಗೇನ ತಿಳಿತೈತಿ?"

ಮೈನವ್ವ ಮಂಚದ ಮೇಲೆ ಕೂತಳು. ತಾಯಿಯ ಮುಷ್ಟಿಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಅದು ಅವಳು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು, ಹಗುರವಾಗಿತ್ತು. ಗೆಣ್ಣುಗಳ ಮೇಲಿನ ಚರ್ಮ ಒಣ ಎಲೆಯಂತೆ ಸರಿಯುತ್ತಿತ್ತು. ಮಳೆಗಾಲವಿಡೀ ಈ ಕೈ ಹೀಗೆ ಸೊರಗುತ್ತಿತ್ತು, ತಾನು ಒಲೆಯ ಕಡೆ ತಿರುಗಿಕೊಂಡಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸುವಷ್ಟು ಬಲ ಅವಳ ಕೈಯಲ್ಲಿ ಇತ್ತು. ಬಸ್ಸಿನ ಬ್ಯಾಟರಿ ಎತ್ತುವ ಕೈ. ಮುಷ್ಟಿ ಅವಳ ಅಂಗೈಯೊಳಗೆ ಸಣ್ಣಗೆ ನಡುಗುತ್ತಿತ್ತು. ಹಾಗೇ ಸ್ವಲ್ಪ ಹೊತ್ತಿಗೆ ಆ ನಡುಕ ನಿಂತಿತು.

"ಲಗೂ ಬಿಡಸವಾ," ಎಂದ ಹಂಪಣ್ಣ.

"ಇಲ್ರಿ."

"ಏನಿಲ್ಲ?"

"ನಾ ಬಿಡಸಂಗಿಲ್ರಿ." ಅವಳು ತಲೆ ಎತ್ತಲಿಲ್ಲ, ಕೈಯನ್ನೂ ತೆಗೆಯಲಿಲ್ಲ. "ಆ ಹಾಸು ಚಾಲೂ ಮಾಡ್ರಿ ಸರ. ಎಣಸಲಿ."